ಎರಡು ಬೆರಳು ಗಿಡ್ಡಾದ ಬ್ರೇಕ್ ಪೈಪು

ಗಂಡಸರಿಗೆ ಒಂದೊಂದು ಚಟಾ ಇರತೈತ್ರಿ. ಒಬ್ಬಾಂವ ಇಸ್ಪೀಟ ಆಡ್ತಾನ, ಇನ್ನೊಬ್ಬಾಂವ ಗುಟಕಾ ತಿಂತಾನ. ನಾ ಒಂದು ಹಳೇ ಕೆಂಪು ರೇಸಿಂಗ್ ಕಾರು ಸಾಕೇನಿ. ಎರಡು ಬಾಗಲಾ, ನಾಕು ಸೀಟು (ಹಿಂದ ಕುಂದ್ರಾವ್ರು ಕಾಲು ಮನ್ಯಾಗ ಬಿಟ್ಟು ಬರಬೇಕು). ಅದು ಚಾಲೂ ಆತಂದ್ರ ಗುಳೇದಗುಡ್ಡದ ಮಗ್ಗದ ಸಪ್ಪಳಾನೂ ಕೇಳಂಗಿಲ್ಲ. ನನ್ನ ಹೆಂಡ್ತಿ ಅಂಜನಾ ಮಾತ್ರ ಅದಕ್ಕ "ನಿಮ್ಮ ಎರಡನೇ ಸಂಬಂಧ" ಅಂತಾಳ.

"ಕೇಳ್ರಿಲ್ಲೆ," ಅಂದ್ಲು ಒಂದಿನ. "ಮುಂದಿನ ತಿಂಗಳ ಮೊದಲನೇ ಐತವಾರ ಕೆರೂರಾಗ ನಮ್ಮ ಕಸ್ತೂರಿದು ಕುಬಸದ ಕಾರ್ಯ. ಚೊಚ್ಚಲ ಬಸರಿ ತಂಗಿ. ಹತ್ತು ಗಂಟೆದೊಳಗ ಈ ಗಾಡಿ ನನ್ನ ತವರಮನಿ ಬಾಗಲಕ್ಕ ಮುಟ್ಟಿಸಿದ್ರ ಇರ್ಲಿ. ಇಲ್ಲಂದ್ರ ಸೋಮವಾರ ಮಾರಬೇಕು. ಕಬೂಲೇನು?"

ಕಬೂಲ್ ಅಂದೆ. ಗಾಡಿ ಎಲ್ಲಾ ಚಲೋನ ಇತ್ತು, ಬ್ರೇಕ್ ಒಂದು ಸ್ವಲ್ಪ ಮೆತ್ತಗಿತ್ತು. ಬಾಗಲಕೋಟಿ ಮಿಸ್ತ್ರಿ ಗೌಸಸಾಬರು ಕೆಳಗ ಬಗ್ಗಿ ನೋಡಿ, "ರಬ್ಬರ್ ಪೈಪ್ ಹಳೇವಾಗ್ಯಾವು ಪ್ರಭಣ್ಣ, ಒತ್ತಿದ್ರ ಉಬ್ಬತಾವು. ಮುಂದಿನ ಎರಡೂ ಗಾಲಿಗೆ ಸ್ಟೀಲ್ ತಂತಿ ಹೆಣದಿದ್ದು ಹಾಕ್ರಿ," ಅಂದ್ರು.

ಹೆಣದಿದ್ದು! ಮೂರು ತಲಿಮಾರಿನ ಖಣದ ವ್ಯಾಪಾರಿ ನಾ, ಹೆಣ್ಮಕ್ಕಳ ಕುಬಸದ ಅರಿವಿ ಮಾರಾಂವ. ಹೆಣಿಕಿ, ನೇಯ್ಗಿ ವಿಷಯದಾಗ ನನಗ ಯಾವಂವ ಕಲಸ್ತಾನ? ಕೊರಿಯರ್‌ದಾಗ ನಾಕು ನಮೂನೆ ತರಿಸಿ ಲೋಹವಸ್ತ್ರ ಪರೀಕ್ಷಾ ಚಾಲೂ ಮಾಡಿದೆ. ಬೆರಳಾಗ ತಿಕ್ಕಿ ನೋಡಿದೆ, ಬೆಳಕಿಗೆ ಹಿಡದೆ, ಬಣ್ಣ ಬಿಡತೈತೇನಂತ ಬಕೀಟನ್ಯಾಗ ನೆನಿ ಹಾಕಿದೆ.

"ಇದಕ್ಕ ದಡಿ ಇಲ್ಲೇನ್ರಿ?" ಅಂತ ಕೇಳಿದೆ.

ಗೌಸಸಾಬರು ಕೈಯಾಗಿನ ಪಾನಾ ಕೆಳಗಿಟ್ರು. "ಯಾ ಅಲ್ಲಾ! ಮ್ಯಾಲಿನ ಸ್ಟೀಲು ಬರೇ ಅಂಗಿ ಇದ್ದಂಗ. ಎಣ್ಣಿ ಹರಿಯೂದು ಒಳಗಿನ ಟೆಫ್ಲಾನ್ ನಳಗ್ಯಾಗ. ಮೊದಲ ತುದಿಗೆ ಹಾಕೂ ಫಿಟಿಂಗ್ ನೋಡ್ರಿ. ಸೀದಾ ಬೇಕೋ ಬಾಗಿದ್ದು ಬೇಕೋ, ಥ್ರೆಡ್ ಕೂಡತೈತೋ ಇಲ್ಲೋ, ಅದು ಮುಖ್ಯ."

ಫಿಟಿಂಗ್ ಅವರ ಪಸಂದ್ ಮಾಡಿದ್ರು. ಮ್ಯಾಲಿನ ಹಸರ ಕವಚ ನಾ ಪಸಂದ್ ಮಾಡಿದೆ (ಗಾಡಿ ಕೆಂಪು, ಪೈಪು ಹಸರ, ಇಳಕಲ್ ಸೀರಿ ಉಟ್ಟಂಗ ಒಪ್ಪತಿತ್ತು). ಉದ್ದ ಎಷ್ಟು ಬೇಕು, ಅಷ್ಟಕ್ಕ ಕಂಪನಿಯವ್ರು ಮಾಡಿ ಕಳಸ್ತಿದ್ರು.

"ಅಳತಿ ನಾ ತಗೋತೇನಿ," ಅಂದ್ರು ಗೌಸಸಾಬರು.

"ಬಿಡ್ರಿ, ಅಳಿಯೂದು ನನ್ನ ಕಸಬು!"

ಹಳೇ ಪೈಪಿಗೆ ದಾರಾ ಹಿಡದು ಅಳದೆ. ಇಲ್ಲೇ ನೋಡ್ರಿ ಎಡವಟ್ಟಾಗಿದ್ದು. ನಮ್ಮಪ್ಪ ಅಂಗಡಿ ಗಾದಿ ಮ್ಯಾಲೆ ಕುಂದ್ರಿಸಿದ ದಿನಾನ ಹೇಳಿಕೊಟ್ಟಿದ್ದ: "ಅರಿವಿ ಜಗ್ಗಿ ಹಿಡಿ, ಕತ್ರಿ ಎರಡು ಬೆರಳು ಈಚಿಗೆ ಹಾಕು." ಹುಟ್ಟುಗುಣ ಸುಟ್ಟರೂ ಹೋಗೂದಿಲ್ಲಂತಾರ. ನನ್ನ ಗಾಡಿ, ನನ್ನ ಪೈಪು ಅನ್ನೂದು ಕೈಗೇನು ಗೊತ್ತು? ದಾರಾನ ಎರಡು ಬೆರಳು ಈಚಿಗೇ ಕತ್ತರಿಸಿಬಿಡ್ತು. ಅದ ಅಳತಿ ಕಂಪನಿಗೆ ಹೋತು.

ಶನಿವಾರ ಪೈಪ್ ಹಾಕಿದ್ರು. ಗಾಲಿ ಸೀದಾ ಇದ್ದಾಗ ಚಂದ ಕುಂತ್ವು. ಗೌಸಸಾಬರು ಸ್ಟೇರಿಂಗ್ ತಿರುವಿದವ್ರ ಚೀರಿದ್ರು.

"ಪೈಪ್ ಗಿಡ್ಡಾಗ್ಯಾವು! ಪೂರಾ ತಿರುವಿದ್ರ ಹರೀತಾವು, ಬ್ರೇಕ್ ಹೋಗತೈತಿ. ಗಾಡಿ ಇಲ್ಲೇ ಬಿಡ್ರಿ."

ಬಿಡೂದೆಂಗ? ಹಳೇ ಪೈಪು ಬಿಚ್ಚುವಾಗ ಸೀಳಿದ್ವು, ನಾಳಿಗೆ ಕುಬಸ, ಇಲ್ಲಂದ್ರ ಸೋಮವಾರ ಗಾಡಿ ಹೋಗೂದು. ಗೌಸಸಾಬರ ಕೈಕಾಲು ಹಿಡದೆ. ಕಡೀಕ ಸ್ಟೇರಿಂಗಿಗೆ ಒಂದು ಖಣದ ಚಿಂದಿ ಕಟ್ಟಿ, "ಈ ಗುರುತು ದಾಟಿ ತಿರುವಂಗಿಲ್ಲ. ಆಮೀ ನಡಿಗಿಲೆ ನಡೀರಿ. ಹಿಂದ ನಾನೂ ಬೈಕ್ ಮ್ಯಾಲೆ ಬರ್ತೇನಿ," ಅಂದ್ರು.

ಜನ್ಮದಾಗ ಸೀದಾ ಅಳಿಯದಾಂವಗ ಸೀದಾ ಹೋಗೂ ಗಾಡಿ ಸಿಕ್ತು.

ಐತವಾರ ಮುಂಜಾನೆ, ಪೈಪಿನ ಸುದ್ದಿ ಹೇಳಲಾರದ, ಅಂಜನಾನ್ನ ಬಾಜೂಕ ಕುಂದ್ರಿಸಿಕೊಂಡು ಹೊಂಟೆ. ಡಾಂಬರ್ ರಸ್ತೆದಾಗ ತ್ರಾಸ ಆಗ್ಲಿಲ್ಲ. ಒಂಬತ್ತೂವರಿಗೆ ಕೆರೂರು ಮುಟ್ಟಿದ್ವಿ. ಮಾವನವ್ರ ಓಣಿ ಮಾತ್ರ ರಸ್ತೆಯಿಂದ ಗಕ್ಕನ ಎಡಕ್ಕ ತಿರುಗತೈತಿ. ಓಣಿ ತುದಿಗೆ ನಮ್ಮತ್ತಿ ರಾಮವ್ವ ರೊಟ್ಟಿ ತುಕಡಿ, ನೀರಿನ ತಂಬಿಗಿ ಹಿಡದು ದೃಷ್ಟಿ ನಿವಾಳಸಾಕ ನಿಂತಿದ್ಲು. ನಾ ಕೈ ಬೀಸಿ ಮುಂದ ಹೋದೆ.

"ಅಯ್ಯ! ಮನಿ ಹಿಂದ ಉಳೀತ್ರಿ!" ಅಂತ ಅಂಜನಾ ಚೀರಿದ್ಲು.

"ರೇಸಿಂಗ್ ಗಾಡಿ ನೋಡು, ದೊಡ್ಡ ಸುತ್ತು ತಗೋತೈತಿ."

ಸಂತಿ ಬಯಲೆಲ್ಲಾ ಸುತ್ತಿ ಹೊಳ್ಳಿ ಬಂದೆ. ಅತ್ತಿ ಮುಂದ ಬಂದ್ಲು, ನಾವು ದಾಟಿ ಹೋದ್ವಿ. ಮೂರನೇ ಸುತ್ತಿಗೆ ಆಕಿ ರೊಟ್ಟಿ ನಾಯಿಗೆ ಹಾಕಿಬಿಟ್ಲು. ಹತ್ತಕ್ಕ ಐದು ಮಿನಿಟ ಇತ್ತು.

"ನಿಲ್ಲಸ್ತೀರೋ, ನಾನ ಜಿಗೀಲೋ?" ಅಂದ್ಲು ಅಂಜನಾ.

ನಿಲ್ಲಿಸಿದೆ. ಗೌಸಸಾಬರು ಹಿಂದಿಂದ ಬಂದು, "ಅವ್ವಾರ, ಪೈಪು ಎರಡು ಬೆರಳು ಗಿಡ್ಡ ಆಗ್ಯಾವು. ಅಳದಾವ್ರು ಇವರ," ಅಂದ್ರು. ಭಾಳ ಸತ್ಯವಂತ ಮನಶ್ಯಾ, ಏನ ಮಾಡೂದು.

"ಎರಡು ಬೆರಳು?" ಅಂದ್ಲು ಅತ್ತಿ. ಆಕಿ ಮಾರಿ ಬದಲಾತು. "ಅಳಿಯಂದ್ರ, ಕಸ್ತೂರಿಗೆ ನೀವು ಕಳಿಸಿದ ಹಸರ ಖಣದ ಕುಬಸಾ ಮುಂಜಾನಿಂದ ಹುಕ್ಕ ಹತ್ತವಲ್ದು. ಬಸರಿ ಹುಡುಗಿ ಅಳಾಕತ್ತಾಳ. ಅರಿವೀನ ಕಡಿಮಿ ಐತಿ ಅಂದಿದ್ದಕ್ಕ ಹೊಲಿಯೂ ಸಿಂಪಿಗ್ಯಾನ್ನ ಕಳ್ಳಾ ಅಂದು ಬೈದ ಕಳಿಸೇನಿ!"

ಸುತ್ತ ನಿಂತ, ನಮ್ಮ ಅಂಗಡಿ ಖಣದ ಕುಬಸಾ ತೊಟ್ಟ ಹೆಣ್ಮಕ್ಕಳೆಲ್ಲಾ ತಮ್ಮ ತಮ್ಮ ತೋಳು ಮುಟ್ಟಿ ನೋಡಿಕೊಂಡ್ರು. "ನಂದೂ ಬಗಲಾಗ ಹಿಡೀತೈತಿ!" "ನಂದೂ!" ಭೂಮಿ ಬಾಯಿ ಬಿಟ್ರ ಗಾಡಿ ಸಮೇತ ಇಳೀತಿದ್ದೆ. ಖರೇನ ನಾಚಿಕಿ ಆತ್ರಿ.

ಕಡೀಕ ಎಂಟು ಮಂದಿ ಬೀಗರು ಗಾಡಿ ಹಿಂದಿನ ಭಾಗ ಎತ್ತಿ, ಸರಿಸಿ, ಓಣ್ಯಾಗ ಸೀದಾ ಮಾಡಿ ನಿಲ್ಲಿಸಿದ್ರು. ಸರೀ ಹತ್ತಕ್ಕ ಬಾಗಲಾ ಮುಟ್ಟಿತು.

"ಮಾತಂದ್ರ ಮಾತು, ಗಾಡಿ ಇಟಗೋರಿ," ಅಂದ್ಲು ಅಂಜನಾ. "ಆದ್ರ ಇವತ್ತಿಂದ ಮೀಟರ್ ಪಟ್ಟಿ, ಕತ್ರಿ ನನ್ನ ಕೈಯಾಗ."

ಈಗ ಅಂಗಡಿ ಗಾದಿ ಮ್ಯಾಲೆ ಆಕಿ ಕುಂದ್ರತಾಳ. ಹೊಸಾ ಪೈಪಿನ ಅಳತಿನೂ ಆಕಿನ ಕೊಟ್ಲು. ನಾ ಕೆಂಪು ಗಾಡಿ ತಗೊಂಡು ಬದಾಮಿ, ಚೊಳಚಗುಡ್ಡ ಅಂತ ಊರೂರು ತಿರುಗಿ, ಹಳೇ ಗಿರಾಕಿಗೋಳಿಗೆ ಬಗಲಿಗೆ ಹಚ್ಚಾಕ ಖಣದ ತುಕಡಿ ಹಂಚ್ತೇನಿ. ನಿನ್ನೆ ಒಬ್ಬಾಕಿ ಮುದುಕಿ ತುಕಡಿ ಜಗ್ಗಿ ನೋಡಿ, ನನ್ನ ಮಾರಿ ನೋಡಿ, "ಯಾರು ಅಳದಾರಪಾ ಇದನ್ನ?" ಅಂದ್ಲು.

"ನನ್ನ ಹೆಂಡ್ತಿ," ಅಂದೆ.

"ಹಂಗಾರ ಕೊಡು," ಅಂದ್ಲು.