ಟೀವಿ ಮುಂದಿನ ತಪಸ್ಸು

ನಮ್ಮಣ್ಣನಂಥ ತಪಸ್ವಿ ಹೊನ್ನವಳ್ಳಿ ಸುತ್ತಮುತ್ತ ಇನ್ನೊಬ್ಬರಿರಲಿಲ್ಲ ಕಣ್ರೀ! ನಗಬೇಡಿ. ಅವರ ತಂಗಿ ನಾನು, ಕಣ್ಣಾರೆ ಕಂಡಿದೀನಿ.

ಮನಸ್ಸು ಒಂದೇ ಕಡೆ ನಿಲ್ಲಬೇಕು ಅಂತ ಮಠದ ಅಯ್ನೋರು ಎಷ್ಟು ಸಲ ಹೇಳಿದ್ರೂ, ಪೂಜೆಗೆ ಕೂತರೆ ಸಾಕು, ಅಣ್ಣನಿಗೆ ಬೆನ್ನು ಕಡಿಯೋದು, ಒಲೆ ಮೇಲಿನ ಹಾಲು ನೆನಪಾಗೋದು. ಊರಿಗೇ ಮೊದಲನೇ ಟೀವಿ ಅಣ್ಣನ ಮನೆಗೆ ಬಂತು ನೋಡಿ, ಮನಸ್ಸು ನಿಂತೇಬಿಡ್ತು! ಸೊಳ್ಳೆ ಮೂಗಿನ ಮೇಲೆ ಕೂತು ಊಟ ಮುಗಿಸಿ ಹೋದರೂ ಗೊತ್ತಾಗ್ತಿರಲಿಲ್ಲ. ವಾರ್ತೆ ಓದೋ ಹೆಣ್ಣುಮಗಳು ಕೈ ಮುಗಿದರೆ ಇವರೂ ಎದ್ದು ಕೈ ಮುಗಿಯೋರು. ಬರೀ ಬನಿಯನ್ನಲ್ಲಿದ್ದರೆ ಓಡಿಹೋಗಿ ಅಂಗಿ ತೊಟ್ಟು ಬರೋರು.

"ಆವಮ್ಮ ನೋಡ್ತಾ ಇರ್ತಾಳೆ ಕಣೇ, ಮರ್ಯಾದೆ ಬೇಡ್ವಾ?"

ಕಾರ್ಯಕ್ರಮಕ್ಕೆ ಮುಂಚೆ ಪರದೆ ತುಂಬ ಬರೀ ಚುಕ್ಕಿ ಕುಣಿಯುತ್ತಲ್ಲ, ಅದನ್ನೂ ಬಿಡೋರಲ್ಲ. "ಏನೂ ಬರ್ತಿಲ್ವಲ್ಲ ಅಣ್ಣಯ್ಯ?" ಅಂದರೆ, "ಬಂದಾಗ ನಾವಿಲ್ಲದಿದ್ರೆ ಏನಂದ್ಕೊಳ್ತಾರೆ?"

ಒಂದು ಸಂಜೆ ಅತ್ತಿಗೆ ಓಡಿಬಂದರು. "ರೀ, ತೋಟಕ್ಕೆ ದನ ನುಗ್ಗವೆ, ಹೊಸ ಸಸಿ ಎಲ್ಲ ಮೇಯ್ತಾ ಅವೆ!"

"ಸ್ವಲ್ಪ ಇರೇ! ತೆಂಗಿನ ಸಸಿ ಕಾಪಾಡೋದು ಹೆಂಗೆ ಅಂತ ಈಗ್ತಾನೆ ಹೇಳ್ತಾವ್ರೆ!"

ನಾನು ಮಾತ್ರ ಆಗ ಮನಸಾರೆ ನಗೋ ಸ್ಥಿತೀಲಿರಲಿಲ್ಲ. ನನ್ನ ಮೊಮ್ಮಗಳಿಗೆ ಒಂದೂಮುಕ್ಕಾಲು ವರ್ಷವಾದರೂ ನಡಿಗೆ ಬಂದಿರಲಿಲ್ಲ. ವಾರಗೆಯ ಮಕ್ಕಳು ಕೋಳಿ ಅಟ್ಟಿಸಿಕೊಂಡು ಓಡ್ತಿದ್ದರೆ ಇವಳು ಕೂತಲ್ಲೇ ಚಪ್ಪಾಳೆ ತಟ್ಟೋಳು. ತಿಪಟೂರಿನ ಡಾಕ್ಟರು "ಕಾಯಿರಿ" ಅಂದಿದ್ರು. ಕಾಯೋದು ಹೇಳಿದಷ್ಟು ಸುಲಭವಾ? ಕೊಬ್ಬರಿ ಎಣ್ಣೆ ತಿಕ್ಕೀ ತಿಕ್ಕೀ ನನ್ನ ಕೈಯೇ ಸವೆದಿತ್ತು.

ಆ ಭಾನುವಾರ ಸಂಜೆ ಸಿನಿಮಾ. ಅಣ್ಣನ ಪಡಸಾಲೆಯಲ್ಲಿ ಊರೇ ಕೂತಿತ್ತು. ಮಗು ನನ್ನ ಮಡಿಲಿಂದ ಜಾರಿ, ಅಂಬೆಗಾಲಿಕ್ಕಿ ಹೋಗಿ, ಟೀವಿ ಮೇಜಿನ ಕಾಲು ಹಿಡಿದು ಎದ್ದು ನಿಂತಳು. ಆಮೇಲೆ ಕೈ ಬಿಟ್ಟಳು!

"ಯಾರ್ದ್ಲಾ ಆ ಮಗು? ಎತ್ಕಳಿ, ಕಾಣಾಕಿಲ್ಲ!" ಹಿಂದಿನವರ ಕೂಗು.

"ಯಾರಾದ್ರೂ ಮುಟ್ಟಿದ್ರೆ ನೋಡಿ!" ಅಣ್ಣ ಗುಡುಗಿದರು. ಎದ್ದು ಟೀವಿಯನ್ನ ಪಟ್ಟಂತ ಆರಿಸಿದರು. ಸಿನಿಮಾ ನಡುವೆ! ನಮ್ಮಣ್ಣ! ನಾಲ್ಕು ಹೆಜ್ಜೆ ಆಚೆ ಮಂಡಿಯೂರಿ, ಎರಡೂ ಕೈ ಚಾಚಿ, "ಬಾರವ್ವ, ತಾತನ ತಾವ ಬಾ" ಅಂದರು.

ಒಂದು. ಎರಡು. ಮೂರು. ನಾಲ್ಕನೇದು ಸೀದಾ ತಾತನ ಎದೆ ಮೇಲೆ!

ಬೈದವರೇ ಶಿಳ್ಳೆ ಹೊಡೆದರು. ನಾನು ಸೆರಗಲ್ಲಿ ಮುಖ ಮುಚ್ಚಿಕೊಂಡೆ. ಅಣ್ಣ ಮಗೂನ ಮತ್ತೆ ಮೇಜಿನ ಹತ್ತಿರ ನಿಲ್ಲಿಸಿ "ಇನ್ನೊಂದ್ಸಲ" ಅಂದರು. ಅದಾದ ಮೇಲೆ ಮತ್ತೊಂದ್ಸಲ.

ಆ ಸಿನಿಮಾದ ಕೊನೇಲಿ ಏನಾಯ್ತೋ, ನಮ್ಮೂರಲ್ಲಿ ಇವತ್ತಿಗೂ ಯಾರಿಗೂ ಗೊತ್ತಿಲ್ಲ.