ಎರಡು ಕಾಲಿನ ಉಪನ್ಯಾಸಕರನ್ನು ನಿರುಪಯುಕ್ತ ವಸ್ತುಗಳ ಪಟ್ಟಿಯಿಂದ ಕೈಬಿಡುವ ಬಗ್ಗೆ

ಕಾಲೇಜು ಶಿಕ್ಷಣ ಇಲಾಖೆ
ಸುತ್ತೋಲೆ ಶಾಖೆ, ಎರಡನೇ ಮಹಡಿ (ಲಿಫ್ಟ್ ಕೆಟ್ಟಿರುವ ಬದಿ)

ಸಂಖ್ಯೆ: ಕಾಶಿಇ/ಸುಶಾ/ತಿದ್ದುಪಡಿಯ ತಿದ್ದುಪಡಿ/೧೧೭

ವಿಷಯ: ಸಾರ್ವಜನಿಕ ಕಾಲೇಜುಗಳ (ಮೂರನೇ ತಿದ್ದುಪಡಿ) ಅಧಿನಿಯಮದ ಜಾರಿಗಾಗಿ ಹೊರಡಿಸಿದ ಸುತ್ತೋಲೆಯಲ್ಲಿ ಕುರ್ಚಿಗಳು ನುಸುಳಿರುವ ಕುರಿತು.

ಉಲ್ಲೇಖ:
೧. ಸದರಿ ಅಧಿನಿಯಮದ ಪ್ರಕರಣ ೯.
೨. ಈ ಶಾಖೆಯ ಸುತ್ತೋಲೆ ಸಂಖ್ಯೆ ೧೧೬ (ಇನ್ನು ಮುಂದೆ ‘ಆ ಸುತ್ತೋಲೆ’).
೩. ಆ ಸುತ್ತೋಲೆಯನ್ನು ತರ್ಕಶಾಸ್ತ್ರದ ಉಪನ್ಯಾಸಕಿಯವರು ಕೆಂಪು ಶಾಯಿಯಲ್ಲಿ ತಿದ್ದಿ ಹಿಂತಿರುಗಿಸಿದ ಪ್ರತಿ.
೪. ಗುಜರಿ ವ್ಯಾಪಾರಿಯ ಮೌಖಿಕ ಅಭಿಪ್ರಾಯ.

ಪ್ರಸ್ತಾವನೆ:

ಹನ್ನೆರಡಕ್ಕಿಂತ ಕಡಿಮೆ ವಿದ್ಯಾರ್ಥಿಗಳಿರುವ ವಿಭಾಗವನ್ನು ಸಮೀಪದ ವಿಭಾಗದಲ್ಲಿ ವಿಲೀನಗೊಳಿಸತಕ್ಕದ್ದು, ಮತ್ತು ಅದಕ್ಕೂ ಮೊದಲು ಪ್ರತಿಯೊಂದು ಕಾಲೇಜು ತನ್ನ ‘ಬೋಧನಾ ಸಂಪನ್ಮೂಲ’ಗಳ ಸ್ಥಿತಿಗತಿ ವರದಿ ಸಲ್ಲಿಸತಕ್ಕದ್ದು ಎಂದು ಉಲ್ಲೇಖ (೧)ರಲ್ಲಿ ವಿಧಿಸಲಾಗಿದೆ. ಬೋಧನಾ ಸಂಪನ್ಮೂಲ ಎಂದರೆ ಉಪನ್ಯಾಸಕರು ಎಂಬುದು ಈ ಶಾಖೆಗೆ ಮೂರನೇ ಓದಿನಲ್ಲಿ ತಿಳಿದುಬಂದಿತ್ತು.

ಈ ಶಾಖೆಯಲ್ಲಿ ಯಾವ ಸುತ್ತೋಲೆಯನ್ನೂ ಹೊಸದಾಗಿ ಬರೆಯುವ ಪದ್ಧತಿ ಇರುವುದಿಲ್ಲ. ಹಳೆಯದೊಂದನ್ನು ತೆಗೆದು, ಅಲ್ಲಲ್ಲಿ ಪದ ಬದಲಿಸಿ, ಸಹಿ ಹಾಕಲಾಗುತ್ತದೆ. ಅದರಂತೆ ಮುರಿದ ಪೀಠೋಪಕರಣಗಳ ವಿಲೇವಾರಿ ಸುತ್ತೋಲೆಯನ್ನು ತೆಗೆದುಕೊಂಡು, ‘ಕುರ್ಚಿ’ ಎಂದಿದ್ದಲ್ಲೆಲ್ಲ ‘ಉಪನ್ಯಾಸಕರು’ ಎಂದು ಬರೆಯಲಾಯಿತು. ಉಳಿದದ್ದನ್ನು ಹಾಗೆಯೇ ಬಿಡಲಾಯಿತು. ಮರುದಿನ ರಜೆ ಇತ್ತು.

ಆದಕಾರಣ ಆ ಸುತ್ತೋಲೆಯ ನಾಲ್ಕನೇ ಅಂಶವು, “ಮೂರಕ್ಕಿಂತ ಕಡಿಮೆ ಕಾಲುಗಳಿರುವ ಉಪನ್ಯಾಸಕರನ್ನು ನಿರುಪಯುಕ್ತವೆಂದು ಘೋಷಿಸಿ, ಅತ್ಯಂತ ಹಳೆಯದರಿಂದ ಆರಂಭಿಸಿ, ವಾರಕ್ಕೆ ಒಂದರಂತೆ ಕಾಲೇಜಿನ ಹಿಂಭಾಗದ ಉಗ್ರಾಣಕ್ಕೆ ಸಾಗಿಸತಕ್ಕದ್ದು” ಎಂದು ಓದಿಕೊಳ್ಳುವಂತಾಯಿತು.

ಎಂಬತ್ತಾರು ಪ್ರಾಂಶುಪಾಲರು ಎಂದಿನಂತೆ ಆ ಸುತ್ತೋಲೆಯನ್ನು ಓದದೆ ಕಡತಕ್ಕೆ ಸೇರಿಸಿ ಇಲಾಖೆಯ ಮಾನ ಉಳಿಸಿದ್ದಾರೆ. ಅವರಿಗೆ ಈ ಮೂಲಕ ಕೃತಜ್ಞತೆ ಸಲ್ಲಿಸಲಾಗಿದೆ. ಒಬ್ಬರು ಮಾತ್ರ ಓದಿದ್ದಾರೆ. ಓದಿ, ಮೂವತ್ತೊಂದು ವರ್ಷ ಸೇವೆ ಸಲ್ಲಿಸಿರುವ ತರ್ಕಶಾಸ್ತ್ರದ ಉಪನ್ಯಾಸಕಿಯವರ ಕಾಲುಗಳನ್ನು ಇಬ್ಬರು ಸಾಕ್ಷಿಗಳ ಸಮ್ಮುಖದಲ್ಲಿ ಎಣಿಸಿ, ಅವರ ಕೈಚೀಲದ ಮೇಲೆ ಬಿಳಿ ಬಣ್ಣದಲ್ಲಿ ಸಂಖ್ಯೆ ಬರೆಸಿ, ಉಗ್ರಾಣಕ್ಕೆ ಕಳುಹಿಸಿದ್ದಾರೆ. ಎರಡನೇ ವಾರ ತಮ್ಮದೇ ಸರದಿ ಬಂದಾಗ ಅವರಿಗೆ ಸಂಶಯ ಮೂಡಿದ್ದು, ಶಾಖೆಗೆ ದೂರವಾಣಿ ಮಾಡಿ, “ಸ್ವಾಮಿ, ಇದನ್ನ ನೀವು ಒಂದ್ಸಲನಾದ್ರೂ ಓದಿದ್ರಾ?” ಎಂದು ಕೇಳಿದ್ದಾರೆ. ಶಾಖೆಯು ಆಗ ಓದಿದೆ.

ಮೇಲ್ಕಂಡ ಹಿನ್ನೆಲೆಯಲ್ಲಿ ಈ ಕೆಳಗಿನಂತೆ ಸೂಚಿಸಲಾಗಿದೆ:

೧. ಉಪನ್ಯಾಸಕರಿಗೆ ಎರಡು ಕಾಲುಗಳಿರುವುದನ್ನು ಪೂರ್ವಾನ್ವಯವಾಗುವಂತೆ ಮಂಜೂರು ಮಾಡಲಾಗಿದೆ. ಕಡಿಮೆ ಇದ್ದಲ್ಲಿಯೂ ಎಣಿಸತಕ್ಕದ್ದಲ್ಲ.

೨. ಉಪನ್ಯಾಸಕರನ್ನು ಒಬ್ಬರ ಮೇಲೊಬ್ಬರಂತೆ ಪೇರಿಸಿಡುವ ಬಗ್ಗೆ ಆ ಸುತ್ತೋಲೆಯ ಆರನೇ ಅಂಶದಲ್ಲಿ ನೀಡಿದ್ದ ಅನುಮತಿಯನ್ನು ಹಿಂಪಡೆಯಲಾಗಿದೆ. ಸಿಬ್ಬಂದಿ ಕೊಠಡಿಯಲ್ಲಿ ಈಗಾಗಲೇ ಹೆಚ್ಚುಕಡಿಮೆ ಹಾಗೆಯೇ ಕೂತಿರುವ ಕಾಲೇಜುಗಳು ಯಥಾಸ್ಥಿತಿ ಕಾಯ್ದುಕೊಳ್ಳಬಹುದು.

೩. ಬೇಸಿಗೆ ರಜೆಯಲ್ಲಿ ಕೀಲುಗಳಿಗೆ ಎಣ್ಣೆ ಹಾಕುವ ಕುರಿತ ಸೂಚನೆಯನ್ನು ಐಚ್ಛಿಕಗೊಳಿಸಲಾಗಿದೆ. ಐವತ್ತು ದಾಟಿದ ಉಪನ್ಯಾಸಕರು ಮನೆಯಲ್ಲಿ ತಾವಾಗಿಯೇ ಹಾಕಿಕೊಳ್ಳಲು ಇಲಾಖೆಯ ಅಭ್ಯಂತರವಿರುವುದಿಲ್ಲ.

೪. ‘ಸಮೀಪದ ವಿಭಾಗ’ ಎಂಬುದನ್ನು ಟೇಪು ಹಿಡಿದು ಅಳೆಯಬೇಕೆಂದು ಈ ಶಾಖೆಯೇ ತಿಳಿಸಿತ್ತು. ಸದರಿ ಕಾಲೇಜಿನಲ್ಲಿ ಅಳೆಯಲಾಗಿ, ತರ್ಕಶಾಸ್ತ್ರಕ್ಕೆ ಅತಿ ಸಮೀಪದಲ್ಲಿರುವುದು ನೀರಿನ ಟ್ಯಾಂಕ್ ಎಂದು ಕಂಡುಬಂದಿದೆ. ಟ್ಯಾಂಕು ವಿಭಾಗವಲ್ಲ ಎಂಬುದನ್ನು ಶಾಖೆಯು ಎರಡು ಸಭೆಗಳ ನಂತರ ಒಪ್ಪಿದೆ. ನಂತರದ ಸಮೀಪವು ದೈಹಿಕ ಶಿಕ್ಷಣ ವಿಭಾಗದ ಚೆಂಡಿನ ಕೋಣೆಯಾಗಿರುತ್ತದೆ. ತಿಂಗಳ ಕೊನೆಯ ದಿನದ ತಲೆ ಎಣಿಕೆಯಲ್ಲಿ ಹನ್ನೆರಡು ತಲೆ ಸಿಗದಿದ್ದರೆ, ಮೂವತ್ತೊಂದು ವರ್ಷ ತರ್ಕ ಕಲಿಸಿದವರು ಮೊದಲನೇ ತಾರೀಖಿನಿಂದ ಮೈದಾನದಲ್ಲಿ ಸೀಟಿ ಊದಬೇಕಾಗುತ್ತದೆ. ಇದು ಶಾಸನ. ಇದನ್ನು ಬದಲಿಸುವ ಅಧಿಕಾರ ಈ ಶಾಖೆಗೆ ಇಲ್ಲ. ಕೆಡಿಸುವ ಅಧಿಕಾರ ಮಾತ್ರ ಇದ್ದು, ಅದನ್ನು ಈಗಾಗಲೇ ಚಲಾಯಿಸಲಾಗಿದೆ.

೫. ಒಮ್ಮೆ ನಿರುಪಯುಕ್ತವೆಂದು ಘೋಷಿಸಿದ ವಸ್ತುವನ್ನು ಮರಳಿ ಉಪಯುಕ್ತವೆನ್ನಲು ನಿಯಮಾವಳಿಯಲ್ಲಿ ಅವಕಾಶವಿಲ್ಲ. ತಜ್ಞರ ಪ್ರಮಾಣಪತ್ರ ಬೇಕಾಗುತ್ತದೆ. ಉಗ್ರಾಣವನ್ನು ಪರಿಶೀಲಿಸಲು ಬಂದ ಗುಜರಿ ವ್ಯಾಪಾರಿಯು ಬಾಗಿಲಲ್ಲೇ ನಿಂತು, ಒಳಗೆ ಉಪನ್ಯಾಸಕಿಯವರು ಮಾಡುತ್ತಿದ್ದ ಪಾಠವನ್ನು ಅರ್ಧ ಗಂಟೆ ಕೇಳಿ, “ಬೆಂಚುಗಳನ್ನ ಕೊಡಿ, ಒಯ್ತೀನಿ. ಇವರು ಗಟ್ಟಿಯಾಗಿದ್ದಾರೆ, ಇವರನ್ನ ಯಾಕ್ರೀ ಇಲ್ಲಿ ಹಾಕಿದ್ದೀರಿ?” ಎಂದಿದ್ದಾರೆ. ಈ ಇಡೀ ಕಡತದಲ್ಲಿ ವಸ್ತುವನ್ನು ಖುದ್ದಾಗಿ ನೋಡಿ ಹೇಳಿದ ಮಾತು ಇದೊಂದೇ ಆಗಿರುವುದರಿಂದ, ಇದನ್ನೇ ತಜ್ಞರ ಅಭಿಪ್ರಾಯವೆಂದು ಅಂಗೀಕರಿಸಲಾಗಿದೆ.

೬. ದಾಸ್ತಾನು ಪುಸ್ತಕಕ್ಕೆ ಮರಳಿ ಸೇರಿಸಲು, ಸದರಿ ಉಪನ್ಯಾಸಕಿಯವರು ತಮ್ಮನ್ನು ತಾವೇ ಕಾಲೇಜಿಗೆ ಕೊಡುಗೆಯಾಗಿ ನೀಡಿರುವಂತೆ ನಮೂದಿಸತಕ್ಕದ್ದು. ಮೂವತ್ತೊಂದು ವರ್ಷದಿಂದ ನಡೆದಿರುವುದೂ ಅದೇ ಎಂಬುದನ್ನು ಶಾಖೆಯು ತಡವಾಗಿ ಗಮನಿಸಿದೆ.

೭. ಕೈಚೀಲದ ಮೇಲಿನ ಸಂಖ್ಯೆಯನ್ನು ಅಳಿಸಿಕೊಡತಕ್ಕದ್ದು. ಅಳಿಸಲಾಗದಿದ್ದಲ್ಲಿ ಪ್ರಾಂಶುಪಾಲರು ತಮ್ಮ ಚೀಲದ ಮೇಲೂ ಮುಂದಿನ ಸಂಖ್ಯೆಯನ್ನು ಬರೆಸಿಕೊಂಡು ಸಮಾನತೆ ಕಾಪಾಡತಕ್ಕದ್ದು.

೮. ಉಲ್ಲೇಖ (೩)ರ ಪ್ರತಿಯನ್ನು ಶಾಖೆಯು ಪರಿಶೀಲಿಸಿದೆ. ನಾಲ್ಕನೇ ಅಂಶದ ಎದುರು, “ಹೇಳಿಕೆಗೂ ತೀರ್ಮಾನಕ್ಕೂ ಸಂಬಂಧವಿಲ್ಲ. ಯೋಚಿಸಿ ಬರೆಯಿರಿ” ಎಂದು ಷರಾ ಬರೆದು, ಇಪ್ಪತ್ತೈದಕ್ಕೆ ನಾಲ್ಕು ಅಂಕ ನೀಡಲಾಗಿದೆ. ನಾಲ್ಕೂ ಅಚ್ಚುಕಟ್ಟಿಗೆ ಎಂದು ಪಕ್ಕದಲ್ಲಿ ಕಾಣಿಸಲಾಗಿದೆ. ಕೆಳಗೆ ಸಹಿ ಮಾಡಿರುವ ಅಧೀಕ್ಷಕರು ಆ ಕೈಬರಹವನ್ನು ನೋಡುತ್ತಲೇ ಎದ್ದು ನಿಂತಿದ್ದಾರೆ. ಇಪ್ಪತ್ತಾರು ವರ್ಷಗಳ ಹಿಂದೆ ಅವರ ಉತ್ತರಪತ್ರಿಕೆಯ ಮೇಲೂ ಅದೇ ಷರಾ, ಅದೇ ಶಾಯಿ, ಅಷ್ಟೇ ಅಂಕ ಇದ್ದವು. ಅಂದು ಇದೇ ಅಧಿನಿಯಮದ ಮೊದಲನೇ ತಿದ್ದುಪಡಿಯು ಅನುತ್ತೀರ್ಣರಾದ ಒಂದು ವಿಷಯಕ್ಕೆ ವಿನಾಯಿತಿ ನೀಡಿದ್ದರಿಂದ ಅವರು ತರ್ಕವಿಲ್ಲದೆಯೇ ಪದವಿ ಪಡೆದು ಈ ಶಾಖೆಗೆ ನೇಮಕಗೊಂಡರು. ಪರಿಣಾಮವನ್ನು ಸಾರ್ವಜನಿಕರು ಅನುಭವಿಸುತ್ತಿದ್ದಾರೆ.

೯. ತರ್ಕಶಾಸ್ತ್ರದ ತರಗತಿಯಲ್ಲಿ ಆ ಸುತ್ತೋಲೆಗೆ ಮೊದಲು ಹನ್ನೆರಡು ವಿದ್ಯಾರ್ಥಿಗಳಿದ್ದರು. ಪಾಠವು ಉಗ್ರಾಣಕ್ಕೆ ಸ್ಥಳಾಂತರಗೊಂಡ ಮೇಲೆ ಹನ್ನೊಂದು ಮಂದಿ ಮುರಿದ ಬೆಂಚುಗಳ ನಡುವೆ ನಿಂತೇ ಬರೆದುಕೊಂಡಿದ್ದಾರೆ. ಹನ್ನೆರಡನೆಯವಳು ಧೂಳಿಗೆ ಸೀನಿ ಸೀನಿ ಸಾಕಾಗಿ ವಾಣಿಜ್ಯ ವಿಭಾಗಕ್ಕೆ ಹೋಗಿದ್ದು, ಅಲ್ಲಿ ಆರೋಗ್ಯವಾಗಿರುತ್ತಾಳೆ. ಆಕೆಯನ್ನು ಮರಳಿ ಕರೆಯಲು ಅವಕಾಶವಿಲ್ಲ. ಆ ಒಂದು ತಲೆ ಕಡಿಮೆಯಾದದ್ದು ಶಾಸನದಿಂದಲ್ಲ, ಅಧೀಕ್ಷಕರಿಂದ. ಇದನ್ನು ಕಡತದಲ್ಲಿ ಬೇರೆ ರೀತಿ ಬರೆಯಲು ಎರಡು ದಿನ ಪ್ರಯತ್ನಿಸಲಾಯಿತು. ನಾಚಿಕೆಯಾಗಿ ಕೈಬಿಡಲಾಯಿತು.

೧೦. ಪ್ರಕರಣ ೯ರಲ್ಲಿ ‘ವಿದ್ಯಾರ್ಥಿ’ಗೆ ವಯಸ್ಸಿನ ಮಿತಿ ವಿಧಿಸಲು ಮರೆತಿರುವುದನ್ನು ಈ ಶಾಖೆಯು ಕಂಡುಹಿಡಿದಿದೆ. ಇದು ಶಾಖೆಯು ಒಂದು ಶಾಸನವನ್ನು ಕೊನೆಯವರೆಗೆ ಓದಿದ ಮೊದಲ ಸಂದರ್ಭವಾಗಿರುತ್ತದೆ. ಅದರಂತೆ, ಬಾಕಿ ಉಳಿಸಿಕೊಂಡ ಒಂದು ವಿಷಯವನ್ನು ಪೂರ್ಣಗೊಳಿಸಲು ಅಧೀಕ್ಷಕರು ಸೋಮವಾರ ತರ್ಕಶಾಸ್ತ್ರ ವಿಭಾಗಕ್ಕೆ ಪ್ರವೇಶ ಪಡೆದಿದ್ದು, ಬೆಳಗಿನ ಮೊದಲ ಅವಧಿಗೆ ಹಾಜರಾಗಿ ನಂತರ ಕಚೇರಿಗೆ ಬರುತ್ತಾರೆ. ತಡವಾಗಿ ಬಂದಲ್ಲಿ ಶಾಖೆಯು ಕ್ಷಮಿಸಬಹುದು. ಉಪನ್ಯಾಸಕಿಯವರು ಕ್ಷಮಿಸುವುದಿಲ್ಲ ಎಂಬುದು ಮೊದಲ ದಿನವೇ ಖಚಿತವಾಗಿದೆ.

೧೧. ತಲೆ ಎಣಿಕೆಯ ದಿನ ಹಿಂದಿನ ಬೆಂಚಿನ ನೆರೆತ ತಲೆಯನ್ನೂ ಎಣಿಸತಕ್ಕದ್ದು.

ಸಹಿ/-
ಅಧೀಕ್ಷಕರು, ಸುತ್ತೋಲೆ ಶಾಖೆ
(ಹಾಗೂ ವಿದ್ಯಾರ್ಥಿ, ತರ್ಕಶಾಸ್ತ್ರ ವಿಭಾಗ, ಹಾಜರಿ ಸಂಖ್ಯೆ ೧೨)

ಪ್ರತಿಗಳು:
೧. ಎಂಬತ್ತಾರು ಪ್ರಾಂಶುಪಾಲರಿಗೆ, ಓದದೆ ಕಡತಕ್ಕೆ ಸೇರಿಸಲು.
೨. ಓದುವ ಪ್ರಾಂಶುಪಾಲರಿಗೆ, ದಯವಿಟ್ಟು ಪಾಲಿಸುವ ಮೊದಲು ದೂರವಾಣಿ ಮಾಡುವ ಕೋರಿಕೆಯೊಂದಿಗೆ.
೩. ದೈಹಿಕ ಶಿಕ್ಷಣ ನಿರ್ದೇಶಕರಿಗೆ, ಹೆಚ್ಚುವರಿ ಸೀಟಿಯನ್ನು ಹಿಂತಿರುಗಿಸಲು.
೪. ಗುಜರಿ ವ್ಯಾಪಾರಿಗೆ, ಧನ್ಯವಾದಗಳೊಂದಿಗೆ.
೫. ವಾಣಿಜ್ಯ ವಿಭಾಗಕ್ಕೆ ಹೋದ ವಿದ್ಯಾರ್ಥಿನಿಗೆ, ಕ್ಷಮೆಯೊಂದಿಗೆ.
೬. ತರ್ಕಶಾಸ್ತ್ರದ ಉಪನ್ಯಾಸಕಿಯವರಿಗೆ, ತಿದ್ದಲು. ಎಡಗಡೆ ಅಂಚು ಬಿಟ್ಟಿದ್ದೇನೆ, ಮೇಡಂ.