ಬೆನ್ನ ಹಿಂದಿನ ದೀಪ

ಮೋಡಣ್ಣನ ಮೋಟಾರ್‌ಸೈಕಲ್ಲಿನ ಬ್ರೇಕ್ ಲೈಟು ಹತ್ತುವುದಿಲ್ಲ ಎಂಬ ಸುದ್ದಿ ಮೋಡಣ್ಣನಿಗೆ ಗೊತ್ತೇ ಇರಲಿಲ್ಲ. ಇದರಲ್ಲಿ ಅವನದೇನೂ ತಪ್ಪಿಲ್ಲ. ಬ್ರೇಕ್ ಹಾಕುವವನೊಬ್ಬನನ್ನು ಬಿಟ್ಟು ಜಗತ್ತಿಗೆಲ್ಲ ಕಾಣುವಂತೆ ಗಾಡಿ ಮಾಡಿದವರೇ ಆ ದೀಪವನ್ನು ಬೆನ್ನ ಹಿಂದೆ ಇಟ್ಟಿದ್ದಾರೆ.

ಕಂಡುಹಿಡಿದವರು ಮಾವ. ಜೀವನವಿಡೀ ಬಸ್ಸು ಓಡಿಸಿ ನಿವೃತ್ತರಾದ ಮೇಲೆ ಅವರಿಗೆ ಓಡಿಸಲು ಉಳಿದದ್ದು ಒಂದು ಸ್ಕೂಟರು ಮತ್ತು ಒಬ್ಬ ಅಳಿಯ. ಆ ಬೆಳಿಗ್ಗೆ ಅವರು ಮನೆಯಿಂದ ಅಂಗಡಿಯವರೆಗೂ ಅಳಿಯನ ಹಿಂದೆಯೇ ಬಂದು, ಹೆಲ್ಮೆಟ್ ತೆಗೆಯುವ ಮೊದಲೇ ಶುರು ಮಾಡಿದರು.

“ಏನು ಅಳಿಯಂದ್ರೇ, ಮನೆ ಬಿಟ್ಟಾಗಿನಿಂದ ನೋಡ್ತಾ ಇದ್ದೀನಿ, ನಿಮ್ಮ ಬ್ರೇಕ್ ಲೈಟು ಒಂದೇ ಒಂದು ಸಲ ಹತ್ತಲಿಲ್ಲ! ಹಿಂದಿನಿಂದ ಯಾರಾದ್ರೂ ಬಂದು ಗುದ್ದಿದ್ರೆ ನನ್ನ ಮಗಳ ಗತಿ ಏನು?”

“ಹೌದಾ ಮಾವ?”

“ಸಂಜೆ ಬರ್ತೀನಿ. ಅಷ್ಟರಲ್ಲಿ ಲೈಟು ಸರಿಯಾಗಿರಬೇಕು. ಇಲ್ದಿದ್ರೆ ಕೀ ನನ್ನ ಕೈಗೆ. ನಾಳೆಯಿಂದ ನನ್ನ ಸ್ಕೂಟರಲ್ಲಿ ಹಿಂದೆ ಕೂತ್ಕೊಂಡು ಬರುವಿರಂತೆ.”

ಮೋಡಣ್ಣನಿಗೆ ಮನೆಯಲ್ಲಿ ಹೆಂಡತಿ, ಅಂಗಡಿಯಲ್ಲಿ ಗಿರಾಕಿಗಳು. ಅವನನ್ನು ಯಾರೂ ಏನೂ ಕೇಳದ ಹೊತ್ತೆಂದರೆ ಇವೆರಡರ ನಡುವಿನ ದಾರಿ ಮಾತ್ರ. ಕನ್ನಡಕದ ಅಂಗಡಿಯವನಾದ್ದರಿಂದ ಬೀದಿಯ ಕಿಟಕಿಗಳೆಲ್ಲ ಅವನಿಗೆ ಕಣ್ಣುಗಳಾಗಿ ಕಾಣುತ್ತಿದ್ದವು. ಆ ಹಳದಿ ಮನೆಗೆ ಹತ್ತಿರದ್ದು ಮಸುಕು, ಮೂಲೆಯ ಮಹಡಿಮನೆಗೆ ಒಂದು ಕಣ್ಣಲ್ಲಿ ಪೊರೆ ಎನ್ನುತ್ತ, ಒಂದೊಂದಕ್ಕೂ ಮನಸ್ಸಿನಲ್ಲೇ ಕನ್ನಡಕ ತೊಡಿಸುತ್ತ, ಬೆಳಗಿನ ಮಂಜಿನಲ್ಲಿ ದೋಣಿಯ ಹಾಗೆ ತೇಲಿಕೊಂಡು ಬರುತ್ತಿದ್ದ. ಸೈಕಲ್ಲಿನವರು ಬೆಲ್ಲು ಹೊಡೆದು ಅವನನ್ನು ದಾಟಿ ಹೋಗುತ್ತಿದ್ದರು. ಅಂಗಡಿಯ ಮುಂದಿನ ಸಣ್ಣ ಏರಿನಲ್ಲಿ ಗಾಡಿ ತಾನಾಗಿಯೇ ನಿಟ್ಟುಸಿರು ಬಿಟ್ಟು ಬಾಗಿಲೆದುರು ನಿಲ್ಲುತ್ತಿತ್ತು. ಈ ಸುಖ ಕೈತಪ್ಪಿ ಮಾವನ ಬೆನ್ನಿಗಂಟಿಕೊಂಡು ಉಪದೇಶ ಕೇಳುತ್ತ ಬರುವುದನ್ನು ನೆನೆದು ಅವನಿಗೆ ಅಳುವೇ ಬಂತು.

ಮಾವ ಹೋದದ್ದೇ ತಡ, ಅಂಗಡಿಯ ಬಾಗಿಲು ತೆರೆದು, ಕೈಯಲ್ಲಿದ್ದುದನ್ನೆಲ್ಲ ಯಾವುದೋ ಗುಂಗಿನಲ್ಲಿ ಮೇಜಿಗೆ ಸೇರಿಸಿ ಹೊರಗೆ ಓಡಿದ. ಬ್ರೇಕ್ ಪೆಡಲ್ ತುಳಿದ. ಇಳಿದು ಹಿಂದೆ ಹೋಗಿ ನೋಡಿದ. ದೀಪ ಹತ್ತಿರಲಿಲ್ಲ. ಮತ್ತೆ ತುಳಿದು ಈ ಸಲ ಓಡಿಹೋಗಿ ನೋಡಿದ. ಆಗಲೂ ಇಲ್ಲ.

“ಕಾಲು ತೆಗೆದ ಮೇಲೆ ಹೇಗಪ್ಪಾ ಹತ್ತುತ್ತೆ?” ಎಂದ ಪಕ್ಕದಂಗಡಿಯ ದರ್ಜಿ, ಕೊರಳಿಗೆ ಟೇಪು ಹಾಕಿಕೊಂಡೇ ಬಂದು. “ನೀನು ತುಳಿ, ನಾನು ನೋಡ್ತೀನಿ.”

“ಹತ್ತಿತಾ?”

“ಇಲ್ಲ.”

“ಈಗ ಜೋರಾಗಿ ತುಳಿದಿದ್ದೀನಿ ನೋಡು.”

“ಜೋರಾಗಿಯೂ ಇಲ್ಲ.”

ಅಷ್ಟರಲ್ಲಿ ಎದುರಿನ ರೇಡಿಯೋ ರಿಪೇರಿಯವನು ಸ್ಕ್ರೂಡ್ರೈವರ್ ಸಮೇತ ಹಾಜರಾದ. ಅವನನ್ನು ಯಾರೂ ಕರೆದಿರಲಿಲ್ಲ. ಕೆಂಪು ಮುಚ್ಚಳ ಬಿಚ್ಚಿ, ಬಲ್ಬು ತೆಗೆದು, ತನ್ನ ಬ್ಯಾಟರಿಗೆ ಹಿಡಿದು ನೋಡಿದ. ಬಲ್ಬು ಚೆನ್ನಾಗಿಯೇ ಉರಿಯಿತು. “ಹಾಗಾದ್ರೆ ಸ್ವಿಚ್ಚೇ ಹೋಗಿದೆ” ಎಂದು ಪೆಡಲ್ ಹತ್ತಿರದ ಸ್ವಿಚ್ಚು ಬಿಚ್ಚಿ ಉಜ್ಜಿದ. ಉಜ್ಜಿದರೂ ಹತ್ತಲಿಲ್ಲ. ಆಮೇಲೆ ಫ್ಯೂಸು, ಆಮೇಲೆ ವೈರು. ಸೀಟು ಕೆಳಗಿಳಿಯಿತು. ಬಿಚ್ಚಿದ ವೈರುಗಳನ್ನು ದರ್ಜಿ ಬಣ್ಣಬಣ್ಣದ ದಾರದಲ್ಲಿ ಅಂದವಾಗಿ ಹೊಲಿದಂತೆ ಕಟ್ಟಿಕೊಟ್ಟ.

ಈ ಗಲಾಟೆಯ ನಡುವೆ ಅಜ್ಜಿಯೊಬ್ಬರು ಕನ್ನಡಕಕ್ಕೆ ಬಂದರು. ಮೋಡಣ್ಣ ಮೇಜಿನ ಮೇಲಿದ್ದ ಕನ್ನಡಕದ ಡಬ್ಬಿಯನ್ನು ತಂದು ಅವರ ಕೈಗಿತ್ತು, ಮತ್ತೆ ಪೆಡಲಿನ ಮೇಲೆ ಕಾಲಿಟ್ಟ. ಮಧ್ಯಾಹ್ನವೆಲ್ಲ ತುಳಿಯುವುದೇ ಕೆಲಸ. ತುಳಿಯುತ್ತ ತುಳಿಯುತ್ತ, ಪೆಟ್ರೋಲ್ ಟ್ಯಾಂಕಿನ ಹೊಳಪಿನಲ್ಲಿ ತೇಲುತ್ತಿದ್ದ ಮೋಡಗಳನ್ನು ಅವನು ನೋಡುತ್ತ ಕುಳಿತುಬಿಟ್ಟ.

ಬಿಸಿಲು ಇಳಿಯುವ ಹೊತ್ತಿಗೆ ಅಜ್ಜಿ ವಾಪಸು ಬಂದರು.

“ಏನಪ್ಪಾ, ಕಣ್ಣಿಗೆ ನಾನು ಇದನ್ನ ಹಾಕ್ಕೊಳ್ಬೇಕಾ?”

ಡಬ್ಬಿಯೊಳಗೆ, ಬೆಳಿಗ್ಗೆ ಗುಂಗಿನಲ್ಲಿ ಸೇರಿಸಿದ್ದ ಮೋಟಾರ್‌ಸೈಕಲ್ಲಿನ ಕೀ ತಣ್ಣಗೆ ಮಲಗಿತ್ತು.

ರೇಡಿಯೋದವನು ದರ್ಜಿಯ ಮುಖ ನೋಡಿದ, ದರ್ಜಿ ಆಕಾಶ ನೋಡಿದ. ಕೀ ತಿರುಗಿಸದೆ ಆ ಗಾಡಿಯ ಬ್ರೇಕ್ ಲೈಟು ಹತ್ತುವುದಿಲ್ಲ ಎಂಬುದು ಮೂವರಿಗೂ ಗೊತ್ತಿದ್ದದ್ದೇ. ಗಾಡಿಯಲ್ಲಿ ಕೀ ಇದೆಯೇ ಎಂದು ಮಾತ್ರ ಯಾರೂ ನೋಡಿರಲಿಲ್ಲ.

ಮೋಡಣ್ಣ ಕೀ ತಿರುಗಿಸಿ ಪೆಡಲ್ ತುಳಿದ.

“ಹತ್ತಿತು!” ಎಂದ ದರ್ಜಿ.

“ನನಗೆ ಎರಡು ಹತ್ತಿದ ಹಾಗೆ ಕಾಣ್ತಿದೆ. ಮೊದಲು ನನ್ನ ಕನ್ನಡಕ ಕೊಡು” ಎಂದರು ಅಜ್ಜಿ.

ಸ್ವಿಚ್ಚು ಉಜ್ಜಿದ್ದರಿಂದಲೇ ಹತ್ತಿದ್ದು ಎಂದು ರೇಡಿಯೋದವನೂ, ದಾರ ಕಟ್ಟಿದ್ದರಿಂದ ಎಂದು ದರ್ಜಿಯೂ ವಾದಕ್ಕೆ ನಿಂತರು. ಮೋಡಣ್ಣ ಇಬ್ಬರಿಗೂ ಕೈಮುಗಿದ. ಅವನ ದಾರಿ ಅವನಿಗೆ ಉಳಿದಿತ್ತು.

ಮಾವ ಬಂದರು. ದೀಪ ನೋಡಿದರು. “ನಿಂತಲ್ಲಿ ಹತ್ತಿದ್ರೆ ಆಯ್ತಾ? ಓಡೋವಾಗ ಹತ್ತಬೇಕು. ಹೊರಡಿ, ಹಿಂದೆ ಬರ್ತೀನಿ.”

ಎಂಥ ಸಂಜೆ ಅದು! ಕಿಟಕಿಗಳಲ್ಲಿ ಒಂದೊಂದಾಗಿ ದೀಪ ಹೊತ್ತಿಕೊಂಡು, ಮನೆಗಳೆಲ್ಲ ಚಿನ್ನದ ಫ್ರೇಮಿನ ಕನ್ನಡಕ ಹಾಕಿಕೊಂಡ ಹಾಗಿತ್ತು. ಹಳದಿ ಮನೆ ಅವನನ್ನು ಗುರುತು ಹಿಡಿದು ನಕ್ಕಿತು. ಮೋಡಣ್ಣ ತೇಲಿದ. ತಿರುವಿನಲ್ಲೇ ಆಕ್ಸಿಲರೇಟರ್ ಬಿಟ್ಟ. ಗಾಡಿ ಸಾವಕಾಶವಾಗಿ ಹರಿದುಬಂದು ಮನೆಯ ಗೇಟಿನೆದುರು ನಿಂತಿತು.

“ಮತ್ತೆ ಹತ್ತಲಿಲ್ಲ!” ಮಾವ ಕೂಗುತ್ತಲೇ ಇಳಿದರು. ತಾವೇ ಪೆಡಲ್ ಒತ್ತಿದರು. ಹತ್ತಿತು. ಬಿಟ್ಟರು, ಆರಿತು. ಮತ್ತೆ ಒತ್ತಿದರು, ಹತ್ತಿತು. ಆಮೇಲೆ ದನಿ ತಗ್ಗಿಸಿ ಕೇಳಿದರು:

“ಅಳಿಯಂದ್ರೇ, ದಾರಿಯಲ್ಲಿ ಬ್ರೇಕು ಎಲ್ಲೆಲ್ಲಿ ಹಾಕಿದ್ರಿ?”

ಮೋಡಣ್ಣ ಪ್ರಾಮಾಣಿಕವಾಗಿ ಯೋಚಿಸಿದ.

“ಬ್ರೇಕಾ? ಎಲ್ಲೂ ಹಾಕಲಿಲ್ಲ ಮಾವ. ಅದೇ ನಿಲ್ಲುತ್ತಲ್ಲ.”

“ಬೆಳಿಗ್ಗೆ?”

“ಬೆಳಿಗ್ಗೆನೂ ಅಷ್ಟೇ.”

“ಮತ್ತೆ ಬ್ರೇಕ್ ಅಂತ ಹಾಕಿದ್ದು ಯಾವಾಗ?”

“ಇವತ್ತು, ಅಂಗಡಿ ಮುಂದೆ. ದಿನವಿಡೀ.”

ಮಾವ ಕೈ ಚಾಚಿದರು. ಮೋಡಣ್ಣ ಕೀ ಕೊಟ್ಟ.

ಮರುದಿನ ಬೆಳಿಗ್ಗೆ ಸ್ಕೂಟರಿನ ಹಿಂದೆ ಕೂತ. ಹೋಗಲಿ, ಹಿಂದೆ ಕೂತರೆ ನಿಶ್ಚಿಂತೆಯಿಂದ ಕನಸಾದರೂ ಕಾಣಬಹುದು ಎಂದುಕೊಂಡ. ಮಂಜು ಹಾಗೆಯೇ ಇತ್ತು. ಹಳದಿ ಮನೆ ಬಂತು. ಅದರ ಮೂಗಿನ ಮೇಲೆ ಇನ್ನೇನು ಕನ್ನಡಕ ಇಡಬೇಕು, ಸ್ಕೂಟರು ಗಕ್ಕನೆ ನಿಂತಿತು. ಅವನ ಮೂಗು ಮಾವನ ಹೆಲ್ಮೆಟ್ಟಿಗೆ ಬಡಿಯಿತು. ನಿನ್ನೆಯಿಂದ ಮಾವನಿಗೆ ತಮ್ಮ ದೀಪದ ಮೇಲೂ ಅನುಮಾನ.

“ಬ್ರೇಕ್ ಹಾಕಿದ್ದೀನಿ, ಹಿಂದೆ ಬಗ್ಗಿ ನೋಡಿ ಅಳಿಯಂದ್ರೇ. ಹತ್ತಿತಾ?”

“ಹತ್ತಿತು ಮಾವ.”

ಮಹಡಿಮನೆ ಬಂತು.

“ಈಗ?”

“ಹತ್ತಿತು ಮಾವ.”